ಕಡಲ್ಕೊರೆತ ಮತ್ತು ಕರಾವಳಿಯ ರಕ್ಷಣೆ: ಒಂದು ಪಾಠ

— ಓರ್ವ ನಿವೃತ್ತ ಮುಖ್ಯೋಪಾಧ್ಯಾಯ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯ ಮಿತ್ರರು ಅಪೇಕ್ಷಿಸಿದರು. ಶಾಲೆಯ ಇತಿಹಾಸವನ್ನೂ ಸ್ಥಾಪಕರ ತ್ಯಾಗವನ್ನೂ ಸ್ಮರಿಸಿ ಬರೆಯುವವರು ಅನೇಕರಿರುವುದರಿಂದ, ಜೀವಮಾನವಿಡೀ ಪಾಠ ಹೇಳಿದ ನಾನು ಇಲ್ಲಿಯೂ ಒಂದು ಪಾಠವನ್ನೇ ಬರೆಯುವುದು ಉಚಿತವೆಂದು ಭಾವಿಸಿದ್ದೇನೆ. ಪಠ್ಯಪುಸ್ತಕಗಳಲ್ಲಿ ಈ ವಿಷಯವು ಬಿಡಿಬಿಡಿಯಾಗಿ ಬರುತ್ತದೆ. ಅಲೆಗಳು ಭೂಗೋಳದಲ್ಲಿ, ಬಿರುಗಾಳಿ ವಿಜ್ಞಾನದಲ್ಲಿ, ಕಾನೂನು ಪೌರನೀತಿಯಲ್ಲಿ. ಆದರೆ ಮಂಜೇಶ್ವರದಿಂದ ತೊಡಗಿ ಉಪ್ಪಳ, ಕುಂಬಳೆ, ಕಾಸರಗೋಡುಗಳನ್ನು ದಾಟಿ ತೆಂಕಲಾಗಿ ಚಾಚಿರುವ ನಮ್ಮ ಕಡಲ ಕರೆಯ ಮಕ್ಕಳಿಗೆ ಇವೆಲ್ಲವೂ ಮನೆಯ ಅಂಗಳದಲ್ಲಿ ಒಟ್ಟಾಗಿಯೇ ಎದುರಾಗುತ್ತವೆ. ಕಡಲು ಭೂಮಿಯನ್ನು ಕೊರೆಯುವುದೇಕೆ, ಅದರಿಂದ ಜನರನ್ನು ಕಾಪಾಡಲು ಸರಕಾರಗಳು ಏನೇನು ಉಪಾಯಗಳನ್ನು ಕೈಗೊಂಡಿವೆ, ಅವುಗಳಲ್ಲಿ ಸಾಧಿಸಿದ್ದೇನು, ಉಳಿದಿರುವುದೇನು ಎಂಬುದನ್ನು ವಿದ್ಯಾರ್ಥಿಗಳಿಗೂ ಅವರ ಹೆತ್ತವರಿಗೂ ತಿಳಿಯುವಂತೆ ವಿವರಿಸುವುದು ಈ ಲೇಖನದ ಉದ್ದೇಶ.

ಕಡಲು ಕೊರೆಯುವುದೇಕೆ?

ಕಡಲ ತೀರವು ಎಂದೂ ನಿಂತಲ್ಲೇ ನಿಂತಿರುವುದಿಲ್ಲ ಎಂಬುದು ಮೊದಲು ಅರಿಯಬೇಕಾದ ಸಂಗತಿ. ಮಳೆಗಾಲದ ಎತ್ತರದ ಅಲೆಗಳು ದಡದ ಹೊಯಿಗೆಯನ್ನು ಸೆಳೆದುಕೊಂಡು ಹೋಗಿ ತುಸು ದೂರದಲ್ಲಿ ನೀರಿನಡಿ ದಿಬ್ಬವಾಗಿ ಒಟ್ಟುತ್ತವೆ. ಆ ದಿಬ್ಬಕ್ಕೆ ಬಡಿದು ಮುಂದಿನ ಅಲೆಗಳ ಬಲ ಕುಂದುತ್ತದೆ. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ, ತಗ್ಗಿನ ನಿಧಾನದ ಅಲೆಗಳು ಅದೇ ಹೊಯಿಗೆಯನ್ನು ಮರಳಿ ದಡಕ್ಕೆ ತರುತ್ತವೆ. ಆಟಿ ತಿಂಗಳಲ್ಲಿ ಕಡಲು ಕೊಂಡುಹೋದದ್ದನ್ನು ದೀಪಾವಳಿಯ ಬಳಿಕ ಹಿಂದಕ್ಕೆ ಕೊಡುತ್ತದೆಯೆಂದು ನಮ್ಮ ಹಿರಿಯರು ಕಂಡುಕೊಂಡಿದ್ದರು. ಇದು ಪ್ರಕೃತಿಯ ಲೆಕ್ಕಾಚಾರ. ಕೊಂಡುಹೋದುದು ವರ್ಷ ವರ್ಷವೂ ಪೂರ್ತಿಯಾಗಿ ಮರಳಿ ಬಾರದಿದ್ದಾಗ ಉಂಟಾಗುವ ಶಾಶ್ವತ ನಷ್ಟವೇ ನಿಜವಾದ ಕಡಲ್ಕೊರೆತ.

ಮರಳಿ ಬಾರದಿರಲು ಕಾರಣಗಳು ಹಲವು. ದಡದ ಹೊಯಿಗೆಯಲ್ಲಿ ಬಹುಭಾಗವು ಹೊಳೆಗಳು ಹೊತ್ತು ತಂದದ್ದು. ಮಂಜೇಶ್ವರ, ಉಪ್ಪಳ, ಶಿರಿಯ, ಮೊಗ್ರಾಲು, ಚಂದ್ರಗಿರಿ ಮೊದಲಾದ ನಮ್ಮ ಹೊಳೆಗಳೆಲ್ಲವೂ ಪಡುಗಡಲನ್ನು ಸೇರುವಂಥವು. ಹೊಳೆಗೆ ಕಟ್ಟ ಕಟ್ಟಿದರೆ, ಅಳಿವೆಯಿಂದ ಮಿತಿಮೀರಿ ಮರಳು ತೆಗೆದರೆ, ದಡಕ್ಕೆ ಬರಬೇಕಾದ ವರಮಾನ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಎರಡನೆಯದಾಗಿ, ಅಲೆಗಳು ದಡಕ್ಕೆ ಓರೆಯಾಗಿ ಬಡಿಯುವುದರಿಂದ ಹೊಯಿಗೆಯು ತೀರದುದ್ದಕ್ಕೂ ಒಂದು ಊರಿನಿಂದ ಇನ್ನೊಂದು ಊರಿಗೆ ಸಾಗುತ್ತಲೇ ಇರುತ್ತದೆ. ಈ ಸಾಗಾಟಕ್ಕೆ ಅಡ್ಡಲಾಗಿ ಕಲ್ಲಿನ ಕಟ್ಟೆಯೊಂದು ಕಡಲಿಗೆ ಚಾಚಿದರೆ, ಅದರ ಒಂದು ಮಗ್ಗುಲಲ್ಲಿ ಹೊಯಿಗೆ ಶೇಖರವಾಗುತ್ತದೆ, ಇನ್ನೊಂದು ಮಗ್ಗುಲಿನ ದಡ ಸವೆಯುತ್ತದೆ. ಮೂರನೆಯದಾಗಿ, ಭೂಮಿಯ ತಾಪ ಹೆಚ್ಚುತ್ತಿರುವುದರಿಂದ ಕಡಲ ಮಟ್ಟವೂ ಏರುತ್ತಿದೆ. ಅರಬೀ ಸಮುದ್ರದ ಬಿರುಗಾಳಿಗಳೂ ಹೆಚ್ಚಿವೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1982ರಿಂದ 2000ದ ವರೆಗಿನ ಅವಧಿಗೆ ಹೋಲಿಸಿದರೆ 2001ರಿಂದ 2019ರ ವರೆಗಿನ ಅವಧಿಯಲ್ಲಿ ಅರಬೀ ಸಮುದ್ರದ ಚಂಡಮಾರುತಗಳ ಸಂಖ್ಯೆ ಶೇ. 52ರಷ್ಟು ಏರಿದೆ.

ಚೆನ್ನೈಯ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು 1990ರಿಂದ 2018ರ ವರೆಗಿನ ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿ, ಭಾರತದ ಮುಖ್ಯಭೂಮಿಯ ತೀರದಲ್ಲಿ ಶೇ. 33.6ರಷ್ಟು ಸವೆಯುತ್ತಿದೆ, ಶೇ. 26.9ರಷ್ಟು ಬೆಳೆಯುತ್ತಿದೆ, ಉಳಿದುದು ಹೆಚ್ಚುಕಡಿಮೆ ಸ್ಥಿರವಾಗಿದೆ ಎಂದು ತಿಳಿಸಿದೆ. ಕೇರಳದಲ್ಲಿ ಸವೆಯುತ್ತಿರುವ ತೀರದ ಪಾಲು ಶೇ. 46ರಷ್ಟು. 2021ರ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತವು ಕೇರಳದ ಪಡುವಲ ಕಡಲಿನಲ್ಲಿ ಹಾದುಹೋದಾಗ, ಉಪ್ಪಳದ ಮುಸೋಡಿಯಲ್ಲಿ ಎರಡಂತಸ್ತಿನ ಮನೆಯೊಂದು ಕಡಲಿಗೆ ಉರುಳಿದುದನ್ನು ನಾಡೆಲ್ಲ ಕಂಡಿತು. ಚಂಡಮಾರುತವು ನೆಲಕ್ಕಪ್ಪಳಿಸಿದ್ದು ನೂರಾರು ಮೈಲು ದೂರದ ಗುಜರಾತಿನಲ್ಲಿ. ಅದರ ಅಲೆಗಳು ನಮ್ಮ ಮನೆಗಳನ್ನು ಕೆಡಹಲು ಅದು ಇಲ್ಲಿಗೆ ಬರಬೇಕಾಗಿಯೇ ಇರಲಿಲ್ಲ.

ಮೊದಲನೆಯ ಉಪಾಯ: ತಡೆಗೋಡೆ

ಕಡಲು ಮುಂದೊತ್ತಿ ಬಂದಾಗ ಜನರು ಕೇಳುವುದೂ ಸರಕಾರ ಕೊಡುವುದೂ ಕಗ್ಗಲ್ಲಿನ ತಡೆಗೋಡೆಯನ್ನೇ. ಕೇರಳದ ಸುಮಾರು 590 ಕಿಲೋಮೀಟರು ಕರಾವಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಇಂಥ ಗೋಡೆಗಳನ್ನು ಕಟ್ಟಲಾಗಿದೆ. ಅಪಾಯದಂಚಿನಲ್ಲಿರುವ ಮನೆಗೆ ಗೋಡೆಯು ಆಸರೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಹೊಯಿಗೆಯ ಇಳಿಜಾರಿನ ಮೇಲೆ ಏರಿ ದಣಿದು ಹಿಂದಿರುಗುತ್ತಿದ್ದ ಅಲೆ, ನೆಟ್ಟಗೆ ನಿಂತ ಕಲ್ಲಿಗೆ ಬಡಿದಾಗ ಅದೇ ರಭಸದಿಂದ ಹಿಮ್ಮರಳುತ್ತದೆ. ಗೋಡೆಯ ಬುಡದ ಹೊಯಿಗೆಯನ್ನು ಕೆದಕಿ ಒಯ್ಯುತ್ತದೆ. ಕೆಲವು ಮಳೆಗಾಲಗಳ ಬಳಿಕ ಕಲ್ಲುಗಳು ಕುಸಿಯುತ್ತವೆ. ಮತ್ತೆ ಕಲ್ಲು ತರಬೇಕು. ಗೋಡೆಯ ಮುಂದೆ ಹೊಯಿಗೆಯ ದಡವೇ ಇಲ್ಲವಾದರೆ ದೋಣಿ ಎಳೆಯಲು, ಕೈರಂಪಣಿ ಬಲೆ ಸೆಳೆಯಲು, ಮೀನು ಒಣಗಿಸಲು ಸ್ಥಳವೂ ಇಲ್ಲ. ಮನೆ ಉಳಿದರೂ ಕಸುಬು ಕುಂಟುತ್ತದೆ.

ಗೋಡೆಗಿಂತ ಉತ್ತಮವಾದ ವಿಧಾನಗಳೂ ಬಂದಿವೆ. ಎರ್ನಾಕುಳಂ ಜಿಲ್ಲೆಯ ಚೆಲ್ಲಾನದಲ್ಲಿ 344 ಕೋಟಿ ರೂಪಾಯಿಗಳ ಯೋಜನೆಯೊಂದನ್ನು ಕೇರಳ ಸರಕಾರವು 2022ರಲ್ಲಿ ಆರಂಭಿಸಿತು. ಅಲ್ಲಿ ಟೆಟ್ರಾಪಾಡ್ ಎಂಬ ನಾಲ್ಕು ಕಾಲುಗಳ ಕಾಂಕ್ರೀಟು ಅಚ್ಚುಗಳನ್ನು ಒಂದರೊಳಗೊಂದು ಸಿಲುಕುವಂತೆ ಜೋಡಿಸಿ, ಸುಮಾರು 7 ಕಿಲೋಮೀಟರು ಉದ್ದಕ್ಕೆ ರಕ್ಷಣೆಯನ್ನು ನಿರ್ಮಿಸಲಾಯಿತು. ಅಲೆಯ ನೀರು ಅವುಗಳ ಸಂದುಗಳಲ್ಲಿ ನುಗ್ಗಿ ಚದರಿಹೋಗುವುದರಿಂದ ಹಿಮ್ಮರಳುವ ರಭಸ ತಗ್ಗುತ್ತದೆ. ಮಳೆಗಾಲ ಬಂತೆಂದರೆ ಮನೆ ಬಿಟ್ಟೋಡುತ್ತಿದ್ದ ಅಲ್ಲಿನ ಜನರಿಗೆ ಅದರಿಂದ ನೆಮ್ಮದಿ ದೊರಕಿತು. ಆದರೆ ಮೊದಲ ಹಂತದ ಕಾಮಗಾರಿ ಮುಗಿದಲ್ಲಿಂದ ಮುಂದಿನ ಊರುಗಳವರು, ನಮಗೂ ಹಾಗೆಯೇ ಮಾಡಿಕೊಡಿರೆಂದು ಬೀದಿಗಿಳಿಯಬೇಕಾಯಿತು.

ನಮಗೆ ಇನ್ನೂ ಸಮೀಪದ ಉದಾಹರಣೆ ಉಳ್ಳಾಲದ್ದು. ನೇತ್ರಾವತಿ ಗುರುಪುರ ಹೊಳೆಗಳು ಕೂಡಿ ಕಡಲು ಸೇರುವ ಅಳಿವೆಯಲ್ಲಿ, ದೋಣಿಗಳ ದಾರಿ ಹೂಳದಿರಲೆಂದು 1990ರ ದಶಕದಲ್ಲಿ ಎರಡು ಬ್ರೇಕ್‌ವಾಟರುಗಳನ್ನು ಕಟ್ಟಲಾಯಿತು. ಅನಂತರ ಉಳ್ಳಾಲದ ದಡದಲ್ಲಿ ಕೊರೆತವು ತೀವ್ರವಾಯಿತು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಕರ್ನಾಟಕ ಸರಕಾರವು ಅಲ್ಲಿ ಬ್ರೇಕ್‌ವಾಟರುಗಳ ದುರಸ್ತಿಯನ್ನೂ ಕಡಲೊಳಗೆ ಅಲೆಗಳ ಬಲವನ್ನು ಮುರಿಯುವ ಕೃತಕ ದಿಬ್ಬಗಳ ನಿರ್ಮಾಣವನ್ನೂ ಕೈಗೊಂಡಿತು. ಉಳ್ಳಾಲಕ್ಕೆ ಅದರಿಂದ ಉಪಕಾರವಾಯಿತು. ಮುಂದಿನ ವರ್ಷಗಳಲ್ಲಿ ಅದಕ್ಕೂ ತೆಂಕಲಿನ ಸೋಮೇಶ್ವರ ಉಚ್ಚಿಲ, ಬಟ್ಟಪ್ಪಾಡಿಗಳ ದಡದಲ್ಲಿ ಮನೆಗಳೂ ರಸ್ತೆಯೂ ಕಡಲ ಪಾಲಾದವು. ಬಟ್ಟಪ್ಪಾಡಿಯ ಪಕ್ಕದಲ್ಲಿಯೇ ತಲಪಾಡಿ, ಆಚೆಗೆ ಕೇರಳದ ಗಡಿ. ರಾಜ್ಯಗಳ ಗಡಿಯನ್ನು 1956ರಲ್ಲಿ ಭಾಷೆಯ ಆಧಾರದ ಮೇಲೆ ಎಳೆದರು. ಅದರ ಸರಿತಪ್ಪುಗಳ ಚರ್ಚೆ ಇಲ್ಲಿ ಬೇಡ. ತೀರದುದ್ದಕ್ಕೂ ಸಾಗುವ ಹೊಯಿಗೆಗೆ ಆ ಗಡಿಯಿಲ್ಲವೆಂಬುದಷ್ಟೇ ಇಲ್ಲಿನ ವಿಚಾರ. ಒಂದು ರಾಜ್ಯದ ಎಂಜಿನಿಯರರು ತಮ್ಮ ಊರಿಗಾಗಿ ರೂಪಿಸಿದ ಯೋಜನೆಯ ಫಲವನ್ನು ಇನ್ನೊಂದು ರಾಜ್ಯದ ಮೀನುಗಾರರು ಉಣ್ಣಬೇಕಾಗಬಹುದು. ಆದುದರಿಂದ ಹೊಯಿಗೆ ಸಾಗುವ ಉದ್ದಕ್ಕೂ ತೀರವನ್ನು ಒಂದೇ ಘಟಕವೆಂದು ಪರಿಗಣಿಸಿ, ಉಭಯ ರಾಜ್ಯಗಳೂ ಕೂಡಿ ಯೋಜಿಸುವುದು ಅವಶ್ಯ.

ಎರಡನೆಯ ಉಪಾಯ: ಗೆರೆ

ಕಡಲನ್ನು ತಡೆಯುವುದಕ್ಕಿಂತ ಕಡಲಿನಿಂದ ತುಸು ದೂರದಲ್ಲಿ ಮನೆ ಕಟ್ಟುವುದು ಸುಲಭವೆಂಬುದು ಎರಡನೆಯ ಉಪಾಯದ ತಿರುಳು. ಪ್ರಧಾನಿ ಇಂದಿರಾ ಗಾಂಧಿಯವರು 1981ರಲ್ಲಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಉಬ್ಬರದ ಗೆರೆಯಿಂದ 500 ಮೀಟರಿನೊಳಗೆ ಕಟ್ಟಡಗಳು ಏಳದಂತೆ ನೋಡಿಕೊಳ್ಳಬೇಕೆಂದು ಸೂಚಿಸಿದ್ದರು. ಅದು ಕಾನೂನಿನ ರೂಪ ಪಡೆದುದು ಹತ್ತು ವರ್ಷಗಳ ಬಳಿಕ. 1991ರ ಫೆಬ್ರವರಿ 19ರಂದು, 1986ರ ಪರಿಸರ ಸಂರಕ್ಷಣಾ ಕಾಯಿದೆಯಡಿ, ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಬಿತ್ತು. ಅದರಲ್ಲಿ ಗ್ರಾಮೀಣ ತೀರಗಳಿಗೆ 200 ಮೀಟರು ಅಗಲದ ನಿರ್ಮಾಣನಿಷೇಧ ವಲಯವನ್ನು ಗೊತ್ತುಪಡಿಸಲಾಗಿತ್ತು.

2011ರ ಹೊಸ ಅಧಿಸೂಚನೆಯು ಸಾಂಪ್ರದಾಯಿಕ ಮೀನುಗಾರರಿಗೆ 100ರಿಂದ 200 ಮೀಟರುಗಳ ನಡುವೆ ವಾಸದ ಮನೆ ಕಟ್ಟಿಕೊಳ್ಳಲು ಅವಕಾಶವಿತ್ತಿತು. ಉಬ್ಬರ, ಅಲೆಗಳ ಎತ್ತರ, ಕಡಲ ಮಟ್ಟದ ಏರಿಕೆ, ತೀರದ ಸವೆತ ಇವೆಲ್ಲವನ್ನೂ ಗಣಿಸಿ ಅಪಾಯದ ಗೆರೆಯೊಂದನ್ನು ನಕ್ಷೆಯಲ್ಲಿ ಗುರುತಿಸಬೇಕೆಂಬ ಉತ್ತಮ ವಿಚಾರವೂ ಅದರಲ್ಲಿತ್ತು. 2019ರ ಜನವರಿಯಲ್ಲಿ ಬಂದ ಮತ್ತೊಂದು ಅಧಿಸೂಚನೆಯು, 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಗ್ರಾಮಗಳಲ್ಲಿ ನಿಷೇಧದ ಅಗಲವನ್ನು 50 ಮೀಟರಿಗೆ ಇಳಿಸಿತು. ಅಪಾಯದ ಗೆರೆಯು ವಿಪತ್ತು ನಿರ್ವಹಣೆಯ ಯೋಜನೆಗೆ ಆಧಾರವಾಗಿ ಉಳಿಯಿತೇ ಹೊರತು ಕಟ್ಟಡಗಳನ್ನು ನಿಯಂತ್ರಿಸುವ ಗೆರೆಯಾಗಲಿಲ್ಲ. ಈ ಅಧಿಸೂಚನೆಯಂತೆ ಕೇರಳ ಸಿದ್ಧಪಡಿಸಿದ ಕರಾವಳಿ ನಿರ್ವಹಣಾ ನಕ್ಷೆಗಳಿಗೆ 2024ರಲ್ಲಿ ಕೇಂದ್ರದ ಅನುಮೋದನೆ ದೊರಕಿತು.

ಇಕ್ಕಟ್ಟಾದ ಭೂಮಿಯಲ್ಲಿ ನಾಲ್ಕು ಸೆಂಟ್ಸ್ ಜಾಗವಿರುವ ಬಡವನಿಗೆ 200 ಮೀಟರಿನ ನಿಯಮವು ಕಠಿಣವಾಗಿತ್ತು. ಮಗಳ ಮದುವೆಗೆ ಮುನ್ನ ಒಂದು ಕೋಣೆ ಕಟ್ಟಲೂ ಅನುಮತಿ ಸಿಗದೆ ಕಚೇರಿಗಳಿಗೆ ಅಲೆದವರನ್ನು ನಾವೆಲ್ಲರೂ ಬಲ್ಲೆವು. ಆದುದರಿಂದ ಸಡಿಲಿಕೆಯನ್ನು ಅನೇಕರು ಸ್ವಾಗತಿಸಿದ್ದು ಸಹಜ. ಆದರೂ ಒಂದು ಸರಳ ಲೆಕ್ಕವನ್ನು ಮಕ್ಕಳು ಮಾಡಿ ನೋಡಬೇಕು. ಒಂದು ದಡವು ವರ್ಷಕ್ಕೆ ಎರಡು ಮೀಟರಿನಂತೆ ಸವೆಯುತ್ತಿದೆಯೆಂದು ಭಾವಿಸೋಣ. ಇಂದು ಉಬ್ಬರದ ಗೆರೆಯಿಂದ 50 ಮೀಟರು ದೂರದಲ್ಲಿ, ನಿಯಮಕ್ಕೆ ಸರಿಯಾಗಿ ಕಟ್ಟಿದ ಮನೆಯು ಹತ್ತು ವರ್ಷಗಳ ಬಳಿಕ 30 ಮೀಟರು ದೂರದಲ್ಲಿರುತ್ತದೆ. ಇಪ್ಪತ್ತೈದನೆಯ ವರ್ಷ ಅಲೆಯು ಹೊಸ್ತಿಲಿಗೆ ಬರುತ್ತದೆ. ಆಗ ಮನೆಯ ಸಾಲವಾದರೂ ತೀರಿದ್ದೀತೇ? ಕಾಗದದ ಮೇಲಿನ ಗೆರೆ ನಿಂತಿರುತ್ತದೆ, ದಡದ ಗೆರೆ ನಡೆಯುತ್ತಿರುತ್ತದೆ. ಸವೆತದ ವೇಗವನ್ನು ಅಳೆಯದೆ ದೂರವನ್ನು ಮಾತ್ರ ಅಳೆಯುವ ನಿಯಮವು ಅಪೂರ್ಣವೆಂಬುದನ್ನು ಈ ಲೆಕ್ಕದಿಂದ ಅರಿಯಬಹುದು.

ಮೂರನೆಯ ಉಪಾಯ: ಮುನ್ನೆಚ್ಚರಿಕೆ

ಗೋಡೆಯೂ ಗೆರೆಯೂ ಮನೆಯನ್ನು ಕಾಯುವ ಉಪಾಯಗಳಾದರೆ, ಮುನ್ನೆಚ್ಚರಿಕೆಯು ಜೀವವನ್ನು ಕಾಯುವಂಥದು. ಈ ವಿಷಯದಲ್ಲಿ ನಮ್ಮ ದೇಶದ ಸಾಧನೆ ಹೆಮ್ಮೆಪಡಬೇಕಾದುದು. 1999ರ ಅಕ್ಟೋಬರ್ 29ರಂದು ಒಡಿಶಾಕ್ಕೆ ಅಪ್ಪಳಿಸಿದ ಮಹಾ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನರು ಅಸುನೀಗಿದರು. ಆ ದುರಂತದ ಬೆನ್ನಲ್ಲೇ ಒಡಿಶಾ ಸರಕಾರವು ವಿಪತ್ತು ನಿರ್ವಹಣೆಗೆಂದೇ ಪ್ರತ್ಯೇಕ ಪ್ರಾಧಿಕಾರವನ್ನು ಸ್ಥಾಪಿಸಿತು. ತೀರದ ಊರುಗಳಲ್ಲಿ ಕಂಬಗಳ ಮೇಲೆ ನಿಂತ ಆಶ್ರಯ ಕಟ್ಟಡಗಳನ್ನು ಕಟ್ಟಿಸಿತು; ಅವುಗಳಲ್ಲಿ ಅನೇಕವು ಉಳಿದ ದಿನಗಳಲ್ಲಿ ಶಾಲೆಗಳಾಗಿ ಬಳಕೆಯಲ್ಲಿವೆ. ಊರಿನ ಯುವಕರಿಗೆ ತರಬೇತಿಯಿತ್ತಿತು. 2013ರಲ್ಲಿ ಫೈಲಿನ್ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು, 2019ರಲ್ಲಿ ಫನಿ ಬಂದಾಗ ಸುಮಾರು ಹನ್ನೆರಡು ಲಕ್ಷ ಜನರನ್ನು ಮುಂಚಿತವಾಗಿ ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಯಿತು. ಸತ್ತವರ ಸಂಖ್ಯೆ ಎರಡಂಕಿಗೆ ಇಳಿಯಿತು. 2005ರ ವಿಪತ್ತು ನಿರ್ವಹಣಾ ಕಾಯಿದೆಯು ಪ್ರತಿ ಜಿಲ್ಲೆಯಲ್ಲಿಯೂ ಕಲೆಕ್ಟರರ ಅಧ್ಯಕ್ಷತೆಯಲ್ಲಿ ಪ್ರಾಧಿಕಾರವಿರಬೇಕೆಂದು ವಿಧಿಸಿದೆ.

ಪಶ್ಚಿಮ ಕರಾವಳಿಗೆ ಕಠೋರ ಪಾಠ ಕಲಿಸಿದ್ದು 2017ರ ಓಖಿ. ನವೆಂಬರ್ 30ರಂದು ಅದು ಚಂಡಮಾರುತವಾಗಿ ಬಲಿತಾಗ, ಕೇರಳ ಮತ್ತು ಕನ್ಯಾಕುಮಾರಿಯ ಬಹಳಷ್ಟು ದೋಣಿಗಳು ಆಗಲೇ ಆಳಕಡಲಿನಲ್ಲಿದ್ದವು. ಕೇರಳವೊಂದರಲ್ಲಿಯೇ ನೂರಕ್ಕೂ ಹೆಚ್ಚು ಮೀನುಗಾರರು ಹಿಂದಿರುಗಲಿಲ್ಲ. ಎಚ್ಚರಿಕೆಯು ಹೊರಡುವುದಷ್ಟೇ ಸಾಲದು, ದೋಣಿ ಕಡಲಿಗಿಳಿಯುವ ಮುನ್ನ ಅದು ದೋಣಿಯವನ ಕಿವಿಗೆ ತಲಪಬೇಕು ಎಂಬುದು ಅಂದು ದೃಢವಾಯಿತು.

ಗಾಳಿಯಿಲ್ಲದೆ ಬರುವ ಇನ್ನೊಂದು ಅಪಾಯವೂ ಇದೆ. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರು ಸಾಗಿಬಂದು, ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ದಡವನ್ನೇರುತ್ತವೆ. ಕೇರಳದ ಮೀನುಗಾರರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಕಳ್ಳನಂತೆ ಬರುವ ಕಡಲು ಎಂದು ಕನ್ನಡಿಗರಿಗೂ ಅರ್ಥವಾಗುವ ಪದ. ಈ ಪದವನ್ನು ವೈಜ್ಞಾನಿಕ ಬಳಕೆಗೆ ಯುನೆಸ್ಕೋ 2012ರಲ್ಲಿ ಅಂಗೀಕರಿಸಿತು. 2024ರ ಮಾರ್ಚ್ 31ರಂದು ಇಂಥ ಅಲೆಗಳು ಕೇರಳದ ಅನೇಕ ಊರುಗಳ ಮನೆಗಳಿಗೆ ನುಗ್ಗಿದವು. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಇವುಗಳ ಮುನ್ಸೂಚನೆಯನ್ನು ಕೊಡುತ್ತಿದೆ.

ಇಲ್ಲಿ ಭಾಷೆಯ ಪ್ರಶ್ನೆಯು ಬರುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯು ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಕನ್ನಡಿಗರಿಗೂ ತಮಿಳರಿಗೂ ಸರಕಾರಿ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕನ್ನು ನೀಡಿದೆ. ಅರ್ಜಿಯ ವಿಷಯದಲ್ಲಿ ಈ ಹಕ್ಕು ಅಭಿಮಾನದ ಮಾತಾದರೆ, ಎಚ್ಚರಿಕೆಯ ವಿಷಯದಲ್ಲಿ ಅದು ಪ್ರಾಣದ ಮಾತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತ ಮುದುಕಿಯೊಬ್ಬಳು ಮಲೆಯಾಳದ ಲಿಖಿತ ಸೂಚನೆಯನ್ನು ಓದಲಾರಳು. ಅಂಥ ಮನೆಗಳಲ್ಲಿ ಎರಡೂ ಭಾಷೆಗಳನ್ನು ಬಲ್ಲ ಶಾಲಾ ಬಾಲಕನೇ ಓದಿ ಹೇಳುವವನು. ಕಡಲ ಸೂಚನೆಗಳು ಈ ಗ್ರಾಮಗಳಲ್ಲಿ ಕನ್ನಡದಲ್ಲಿಯೂ ಹೊರಡಬೇಕೆಂಬುದು ನ್ಯಾಯವಾದ ಬೇಡಿಕೆ. ಅದು ಈಡೇರುವ ವರೆಗೆ, ಈಡೇರಿದ ಮೇಲೆಯೂ, ಹಳದಿ, ಕಿತ್ತಳೆ, ಕೆಂಪು ಎಂಬ ಎಚ್ಚರಿಕೆಗಳ ಅರ್ಥವನ್ನು ಮಕ್ಕಳಿಗೆ ಕಲಿಸುವುದು ಶಾಲೆಯ ಕೆಲಸ.

ನಾಲ್ಕನೆಯ ಉಪಾಯ: ಬೇರೆಡೆ ನೆಲೆ

ಉಳಿದೆಲ್ಲ ಉಪಾಯಗಳೂ ಸೋತಲ್ಲಿ ಜನರೇ ಹಿಂದೆ ಸರಿಯಬೇಕಾಗುತ್ತದೆ. ಕೇರಳ ಸರಕಾರವು 2019ರ ಡಿಸೆಂಬರಿನಲ್ಲಿ ಮಂಜೂರು ಮಾಡಿದ ‘ಪುನರ್ಗೇಹಂ’ ಯೋಜನೆಯು ಇದಕ್ಕಾಗಿ ರೂಪುಗೊಂಡುದು. ಉಬ್ಬರದ ಗೆರೆಯಿಂದ 50 ಮೀಟರಿನೊಳಗೆ ವಾಸಿಸುವ 18,685 ಕುಟುಂಬಗಳನ್ನು ಗುರುತಿಸಿ, 2,450 ಕೋಟಿ ರೂಪಾಯಿಗಳನ್ನು ಗೊತ್ತುಪಡಿಸಲಾಯಿತು. ಜಾಗ ಕೊಳ್ಳಲು 6 ಲಕ್ಷ, ಮನೆ ಕಟ್ಟಲು 4 ಲಕ್ಷ, ಒಟ್ಟು 10 ಲಕ್ಷ ರೂಪಾಯಿಗಳ ನೆರವು. ಕೆಲವೆಡೆ ಸರಕಾರವೇ ವಸತಿ ಸಮುಚ್ಚಯಗಳನ್ನು ಕಟ್ಟಿಕೊಟ್ಟಿದೆ. ತೆರವಾದ ದಡದಲ್ಲಿ ಗಿಡಮರಗಳ ಹಸಿರು ಬೇಲಿ ಬೆಳೆಸುವುದು ಯೋಜನೆಯ ಇನ್ನೊಂದು ಅಂಗ.

ಉದ್ದೇಶವು ಶ್ಲಾಘ್ಯ. ಆದರೆ ಕಡಲಿಗೆ ಹತ್ತಿರ, ಅಲೆಯಿಂದ ದೂರ, ಆರು ಲಕ್ಷಕ್ಕೆ ಸಿಗುವ ಜಾಗವನ್ನು ಹುಡುಕುವುದು ಸುಲಭವಲ್ಲ. ಒಳನಾಡಿನಲ್ಲಿ ಸಿಕ್ಕಿದರೆ, ನಸುಕಿಗೆ ಕಡಲ ಬಣ್ಣ ನೋಡಿ ದೋಣಿ ಇಳಿಸಬೇಕಾದವನು ರಿಕ್ಷಾ ಹಿಡಿದು ದಡಕ್ಕೆ ಬರಬೇಕು. ಬಲೆ, ಎಂಜಿನು ಇವುಗಳನ್ನು ಕಾಯುವವರು ಯಾರು? ಒಡಿಶಾದ ಕೇಂದ್ರಪಾಡಾ ಜಿಲ್ಲೆಯ ಸಾತಭಾಯಾ ಎಂಬ ಗ್ರಾಮಸಮೂಹವನ್ನು ಕಡಲು ಒಂದೊಂದಾಗಿ ನುಂಗಿದಾಗ, ಅಲ್ಲಿನ ಸರಕಾರವು ಐನೂರಕ್ಕೂ ಹೆಚ್ಚು ಕುಟುಂಬಗಳಿಗೆ ಬಾಗಪಾಟಿಯಾದಲ್ಲಿ ನಿವೇಶನ ಕೊಟ್ಟು ನೆಲೆಗೊಳಿಸಿತು. ಜೀವಭಯ ತಪ್ಪಿತು. ಆದರೆ ಗದ್ದೆಯೂ ಮೀನೂ ಕೈತಪ್ಪಿ, ಅನೇಕ ಗಂಡಸರು ಕೂಲಿ ಅರಸುತ್ತ ಹೊರರಾಜ್ಯಗಳಿಗೆ ಹೋದರು. ಮನೆಯೊಡನೆ ಜೀವನೋಪಾಯವನ್ನೂ ಸ್ಥಳಾಂತರಿಸಲಾಗದ ಯೋಜನೆಯು ಅರ್ಧ ಯೋಜನೆಯೆಂಬುದು ಅಲ್ಲಿನ ಪಾಠ.

ಹಣದ ವಿಷಯದಲ್ಲಿಯೂ ಒಂದು ತೊಡಕು ಇತ್ತು. ವಿಪತ್ತು ಪರಿಹಾರ ನಿಧಿಗೆ ಅರ್ಹವಾದ ವಿಪತ್ತುಗಳ ರಾಷ್ಟ್ರೀಯ ಪಟ್ಟಿಯನ್ನು ಮಾಡಿದಾಗ ಅದರಲ್ಲಿ ಚಂಡಮಾರುತ, ಸುನಾಮಿ, ನೆರೆಗಳಿಗೆ ಸ್ಥಾನವಿತ್ತು, ಕಡಲ್ಕೊರೆತಕ್ಕೆ ಇರಲಿಲ್ಲ. ಒಂದೇ ರಾತ್ರಿ ಮನೆ ಬಿದ್ದರೆ ವಿಪತ್ತು. ಹತ್ತು ವರ್ಷ ಅಂಗಳವನ್ನು ತಿಂದು ಹನ್ನೊಂದನೆಯ ವರ್ಷ ಮನೆಯನ್ನು ಕೆಡಹಿದರೆ ವಿಪತ್ತಲ್ಲ! ಕೇರಳವು ಕಡಲ್ಕೊರೆತವನ್ನು ರಾಜ್ಯಮಟ್ಟದ ವಿಪತ್ತೆಂದು ಘೋಷಿಸಿಕೊಂಡಿತು. ಬಳಿಕ ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರ ವರೆಗಿನ ಅವಧಿಗೆ ಕಡಲು ಮತ್ತು ಹೊಳೆಗಳ ಕೊರೆತವನ್ನು ತಗ್ಗಿಸಲು 1,500 ಕೋಟಿ, ಕೊರೆತದಿಂದ ನಿರ್ಗತಿಕರಾದವರ ಪುನರ್ವಸತಿಗೆ 1,000 ಕೋಟಿ ರೂಪಾಯಿಗಳನ್ನು ಶಿಫಾರಸು ಮಾಡಿತು. ಇಡೀ ದೇಶಕ್ಕೆ ಇದು ದೊಡ್ಡ ಮೊತ್ತವಲ್ಲದಿದ್ದರೂ, ನಿಧಾನವಾಗಿ ಬರುವ ನಷ್ಟವೂ ನಷ್ಟವೇ ಎಂಬುದಕ್ಕೆ ಮಾನ್ಯತೆ ದೊರಕಿತು.

ಶಾಲೆಯು ಮಾಡಬಹುದಾದ ಕೆಲಸ

ನಾಲ್ಕು ಉಪಾಯಗಳಿಗೂ ಬೇಕಾದ ಮೂಲ ಸಾಮಗ್ರಿ ಒಂದೇ: ನಮ್ಮ ದಡವು ಎಲ್ಲಿ, ಎಷ್ಟು, ಯಾವ ವೇಗದಲ್ಲಿ ಸರಿಯುತ್ತಿದೆಯೆಂಬ ಅಳತೆ. ಉಪಗ್ರಹವು ದೂರದಿಂದ ಅಳೆಯುತ್ತದೆ. ಹತ್ತಿರದಿಂದ ತಿಂಗಳು ತಿಂಗಳೂ ಅಳೆಯುವುದು ಕಡಲ ಕರೆಯ ಶಾಲೆಯೊಂದಕ್ಕೆ ಸಾಧ್ಯ. ಅದರ ವಿಧಾನವನ್ನು ಅಧ್ಯಾಪಕರ ಉಪಯೋಗಕ್ಕಾಗಿ ಸಂಗ್ರಹವಾಗಿ ಕೊಡುತ್ತೇನೆ.

1. ದಡದಿಂದ ಸಾಕಷ್ಟು ಒಳಗೆ, ಸುಲಭವಾಗಿ ಕದಲದ ಗುರುತೊಂದನ್ನು ಆರಿಸಬೇಕು. ಬಾವಿಕಟ್ಟೆ, ಕಾಂಕ್ರೀಟು ಕಂಬ, ದೈವಸ್ಥಾನದ ಅಥವಾ ಮಸೀದಿಯ ಆವರಣದ ಗೋಡೆ ಆಗಬಹುದು.

2. ಪ್ರತಿ ಹುಣ್ಣಿಮೆ, ಅಮಾವಾಸ್ಯೆಗಳ ಮರುದಿನ, ಉಬ್ಬರ ಇಳಿದ ವೇಳೆಯಲ್ಲಿ, ಹಿಂದಿನ ಉಬ್ಬರವು ಬಿಟ್ಟುಹೋದ ಕಸಕಡ್ಡಿಯ ಸಾಲಿನ ವರೆಗೆ ಟೇಪಿನಿಂದ ಅಳೆದು, ದಿನಾಂಕ, ಗಂಟೆ, ಗಾಳಿಯ ದಿಕ್ಕುಗಳೊಡನೆ ಪುಸ್ತಕದಲ್ಲಿ ಬರೆಯಬೇಕು. ಒಂದೇ ಸ್ಥಳದಿಂದ ಒಂದು ಛಾಯಾಚಿತ್ರವನ್ನೂ ತೆಗೆಯಬೇಕು.

3. ದಡದ ಇಳಿಜಾರನ್ನು ಅಳೆಯಲು ಅಮೆರಿಕದ ಭೂವಿಜ್ಞಾನಿ ಎಮರಿಯವರು 1961ರಲ್ಲಿ ಪ್ರಕಟಿಸಿದ ಸುಲಭ ವಿಧಾನವಿದೆ. ಸಮಾನ ಎತ್ತರದ, ಸೆಂಟಿಮೀಟರು ಗುರುತುಗಳುಳ್ಳ ಎರಡು ಕೋಲುಗಳನ್ನು ನಿರ್ದಿಷ್ಟ ಅಂತರದಲ್ಲಿ ಕಡಲಿಗೆ ಎದುರಾಗಿ ನೇರವಾಗಿ ನಿಲ್ಲಿಸಬೇಕು. ಹಿಂದಿನ ಕೋಲಿನ ಬಳಿ ನಿಂತು, ಮುಂದಿನ ಕೋಲಿನ ತುದಿಯನ್ನು ದಿಗಂತದ ಗೆರೆಗೆ ಹೊಂದಿಸಿ ನೋಡಿದಾಗ, ದೃಷ್ಟಿಯು ಹಿಂದಿನ ಕೋಲನ್ನು ಅದರ ತುದಿಯಿಂದ ಎಷ್ಟು ಕೆಳಗೆ ಹಾದುಹೋಗುತ್ತದೋ ಅಷ್ಟೇ ಆ ಅಂತರದ ಇಳಿಜಾರು. ಗಣಿತದ ಪಾಠಕ್ಕೆ ಇದಕ್ಕಿಂತ ಉತ್ತಮ ಪ್ರಯೋಗ ದುರ್ಲಭ.

4. ಕಡಲು ಕೆರಳಿದ ದಿನ, ಎಚ್ಚರಿಕೆ ಇರುವ ದಿನ ಮಕ್ಕಳು ದಡಕ್ಕೆ ಇಳಿಯಕೂಡದು. ಉಳಿದ ದಿನಗಳಲ್ಲಿಯೂ ಅಧ್ಯಾಪಕರಿಲ್ಲದೆ ಹೋಗಕೂಡದು.

5. ವರ್ಷದ ಕೊನೆಗೆ ಅಂಕಿಗಳನ್ನು ನಕ್ಷೆಯಾಗಿ ಬರೆದು, ಕನ್ನಡದಲ್ಲಿ ವಿವರಣೆಯೊಡನೆ ಗ್ರಾಮಸಭೆಯಲ್ಲಿ ಮಂಡಿಸಿ, ಪ್ರತಿಯನ್ನು ಪಂಚಾಯತಿಗೂ ಕಲೆಕ್ಟರರಿಗೂ ಕಳುಹಿಸಬೇಕು.

ಹೋದ ವರ್ಷಕ್ಕಿಂತ ಕಡಲು ಹತ್ತಿರ ಬಂದಿದೆಯೆಂದು ಬಾಯಿಮಾತಿನಲ್ಲಿ ಹೇಳಿದಾಗ ಅಧಿಕಾರಿಗಳು ಕೇಳಿ ಸುಮ್ಮನಾಗಬಹುದು. ಹತ್ತು ವರ್ಷಗಳ ತಾರೀಕುಸಹಿತ ಲೆಕ್ಕವನ್ನು ಎದುರಿಗಿಟ್ಟಾಗ ಉತ್ತರ ಕೊಡಬೇಕಾಗುತ್ತದೆ. ಶಾಲೆಯ ಹಾಜರಿ ಪುಸ್ತಕಗಳನ್ನು ಐವತ್ತು ವರ್ಷ ಜೋಪಾನವಾಗಿ ಕಾಯ್ದುಕೊಂಡು ಬಂದ ಸಂಸ್ಥೆಗೆ ಇನ್ನೊಂದು ಪುಸ್ತಕವನ್ನು ಕಾಯುವುದು ಭಾರವಲ್ಲ. ಬರುವ ತುಲಾಮಾಸದಲ್ಲಿ, ಮಳೆ ಬಿಟ್ಟು ಕಡಲು ತಣಿದ ಮೊದಲ ಹುಣ್ಣಿಮೆಯ ಮರುದಿನ, ಏಳನೆಯ ತರಗತಿಯ ಮಕ್ಕಳಿಂದ ಅದರ ಮೊದಲ ಪುಟವನ್ನು ಬರೆಯಿಸಬೇಕೆಂದು ಅಧ್ಯಾಪಕ ಬಂಧುಗಳಲ್ಲಿ ವಿನಂತಿಸುತ್ತೇನೆ. ಶಾಲೆಗೆ ಶುಭವಾಗಲಿ.